ತೊಟ್ಟಿಲಿನಿಂದ ಹೊಸಿಲಿನವರೆಗೆ

ಮಗು ಮನೆಗೆ ಬಂದ ದಿನವೇ ಅದರ ಹಿಂದೆ ಸಲಹೆಗಳೂ ಬರುತ್ತವೆ. ಅಜ್ಜಿ ಒಂದು ಹೇಳಿದರೆ ಅತ್ತೆ ಇನ್ನೊಂದು ಹೇಳುತ್ತಾರೆ. ಎದುರು ಮನೆಯವರು ಎರಡನ್ನೂ ಅಲ್ಲಗಳೆದು ಮೂರನೆಯದನ್ನು ಹೇಳುತ್ತಾರೆ. ಡಾಕ್ಟರು ಹೇಳಿದ್ದು ಇದ್ಯಾವುದಕ್ಕೂ ಹೊಂದುವುದಿಲ್ಲ, ಮೊಬೈಲಿನಲ್ಲಿ ನೋಡಿದ್ದು ಡಾಕ್ಟರ ಮಾತಿಗೂ ಹೊಂದುವುದಿಲ್ಲ. ಇಷ್ಟರ ನಡುವೆ ಮೂರು ಕಿಲೋ ಆಸುಪಾಸಿನ ಕೂಸು ಅಳುತ್ತಿರುತ್ತದೆ. ಅದನ್ನು ಎತ್ತಿಕೊಳ್ಳಬೇಕಾದ ಇಬ್ಬರಿಗೆ ಕುತ್ತಿಗೆಗೆ ಕೈ ಕೊಡುವುದು ಹೇಗೆಂದೂ ಗೊತ್ತಿರುವುದಿಲ್ಲ.

ಆ ಇಬ್ಬರಿಗಾಗಿ ಈ ಬರಹ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೊದಲ ವರ್ಷದಲ್ಲಿ ಮಗುವಿಗೆ ಬೇಕಾಗುವುದು ನೀವು ಎಣಿಸಿದ್ದಕ್ಕಿಂತ ಕಡಿಮೆ. ಮಗುವನ್ನು ನೋಡಿಕೊಳ್ಳುವವಳಿಗೆ ಬೇಕಾಗುವುದು ಮನೆಯವರು ಎಣಿಸಿದ್ದಕ್ಕಿಂತ ಹೆಚ್ಚು. ಅಂಗಡಿಯ ಸಾಮಾನಿಗೆ ಖರ್ಚು ಮಾಡುವ ಹಣ, ಉತ್ಸಾಹ ಎರಡನ್ನೂ ಬಾಣಂತಿಯ ಊಟಕ್ಕೆ, ನಿದ್ದೆಗೆ ತಿರುಗಿಸಿದರೆ ಅರ್ಧ ಕೆಲಸ ಮುಗಿದಂತೆ.

ಹಾಲಿನಿಂದಲೇ ಶುರು ಮಾಡೋಣ. ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಚ್ಚಬೇಕು. ಮೊದಲ ಎರಡು ಮೂರು ದಿನ ಬರುವ ಹಳದಿ ಛಾಯೆಯ ಗಟ್ಟಿ ಹಾಲು ಚಮಚದ ಲೆಕ್ಕದಲ್ಲಿರುತ್ತದೆ. ಅದನ್ನು ಹಿಂಡಿ ಚೆಲ್ಲುವ ರೂಢಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ಚೆಲ್ಲಬೇಡಿ, ರೋಗ ತಡೆಯುವ ಅಂಶಗಳು ಅದರಲ್ಲಿ ದಟ್ಟವಾಗಿರುತ್ತವೆ. ಆಗಷ್ಟೇ ಹುಟ್ಟಿದ ಮಗುವಿನ ಹೊಟ್ಟೆ ಹಿಡಿಯುವುದೂ ಅಷ್ಟೇ. ಹಾಗಾಗಿ ‘ಹಾಲೇ ಬಂದಿಲ್ಲ’ ಎಂದು ಡಬ್ಬಿ ಹಾಲಿಗೆ ಓಡುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಎದೆ ತುಂಬಿ ಬರುವುದು ಮೂರನೇ ದಿನದ ಹೊತ್ತಿಗೆ. ಸಿಸೇರಿಯನ್ ಆದವರಿಗೆ ಸ್ವಲ್ಪ ತಡವಾಗಬಹುದು.

ಹಾಲು ಹೆಚ್ಚಾಗಲು ಏನು ತಿನ್ನಬೇಕು ಎಂದು ಎಲ್ಲರೂ ಕೇಳುತ್ತಾರೆ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯ ಎಲ್ಲವನ್ನೂ ತಿನ್ನಿ, ರುಚಿಯಾಗಿರುತ್ತವೆ. ಆದರೆ ಹಾಲನ್ನು ಹೆಚ್ಚಿಸುವುದು ಮಗುವಿನ ಬಾಯಿ. ಅದು ಚೀಪಿದಾಗ ತಾಯಿಯ ಮಿದುಳಿಗೆ ಸೂಚನೆ ಹೋಗಿ, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹಾಲು ತಯಾರಿಸುತ್ತದೆ, ಆಕ್ಸಿಟೋಸಿನ್ ಅದನ್ನು ಇಳಿಸುತ್ತದೆ. ಪ್ರೊಲ್ಯಾಕ್ಟಿನ್ ರಾತ್ರಿ ಹೊತ್ತು ಹೆಚ್ಚು ಸ್ರವಿಸುವುದರಿಂದ ಮೊದಲ ತಿಂಗಳುಗಳಲ್ಲಿ ರಾತ್ರಿಯ ಹಾಲನ್ನು ತಪ್ಪಿಸಬಾರದು. ದಿನಕ್ಕೆ 8ರಿಂದ 12 ಸಲ ಕುಡಿಸಬೇಕಾಗುತ್ತದೆ. ಗಡಿಯಾರ ನೋಡುವುದಕ್ಕಿಂತ ಮಗುವನ್ನು ನೋಡುವುದು ಒಳ್ಳೆಯದು. ಬಾಯಿ ತೆರೆದು ತಲೆಯನ್ನು ಆಚೀಚೆ ತಿರುಗಿಸುವುದು, ಮುಷ್ಟಿ ಚೀಪುವುದು ಹಸಿವಿನ ಸೂಚನೆ. ಅಳು ಬರುವಷ್ಟರಲ್ಲಿ ತಡವಾಗಿರುತ್ತದೆ, ಅಳುವ ಮಗು ಎದೆ ಹಿಡಿಯುವುದು ಕಷ್ಟ.

ಕುಡಿಸುವಾಗ ನೋಯುತ್ತಿದ್ದರೆ ಹಲ್ಲು ಕಚ್ಚಿ ಸಹಿಸಬೇಕಿಲ್ಲ. ತೊಟ್ಟು ಮಾತ್ರ ಬಾಯಲ್ಲಿದ್ದರೆ ಬಿರುಕು ಬಿಡುತ್ತದೆ, ಹಾಲೂ ಸರಿಯಾಗಿ ಬರುವುದಿಲ್ಲ. ಸುತ್ತಲಿನ ಕಪ್ಪು ಭಾಗ ಬಹುಪಾಲು ಬಾಯೊಳಗಿರಬೇಕು, ಮಗುವಿನ ಗದ್ದ ಎದೆಗೆ ತಾಗಬೇಕು, ಕೆಳತುಟಿ ಹೊರಕ್ಕೆ ಮಡಚಿಕೊಂಡಿರಬೇಕು. ಹಾಗಿಲ್ಲದಿದ್ದರೆ ಬಾಯಿಯ ಮೂಲೆಯಲ್ಲಿ ಕಿರುಬೆರಳು ತೂರಿಸಿ ಬಿಡಿಸಿ, ಮತ್ತೆ ಹಚ್ಚಿ. ಇದನ್ನು ಓದಿ ಕಲಿಯುವುದು ಕಷ್ಟ. ಆಸ್ಪತ್ರೆಯಿಂದ ಹೊರಡುವ ಮೊದಲೇ ನರ್ಸಮ್ಮನ ಮುಂದೆ ನಾಲ್ಕಾರು ಸಲ ಕುಡಿಸಿ, ತಿದ್ದಿಸಿಕೊಳ್ಳಿ. ನಾಚಿಕೆಗೆ ಅದು ಜಾಗವಲ್ಲ.

ಹಾಲು ಸಾಲುತ್ತಿದೆಯೇ ಎಂಬ ಅನುಮಾನ ಮೊದಲ ಮೂರು ತಿಂಗಳು ಪ್ರತಿ ತಾಯಿಯನ್ನೂ ಕಾಡುತ್ತದೆ. ಮಗು ಅತ್ತಿತು ಎಂಬುದು ಸಾಲದಿರುವುದಕ್ಕೆ ಸಾಕ್ಷಿಯಲ್ಲ. ಐದನೇ ದಿನದ ನಂತರ ಮಗು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದ್ದರೆ, ಅದರ ಬಣ್ಣ ತಿಳಿಯಾಗಿದ್ದರೆ, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ. ಲೆಕ್ಕ ಇಡಲು ಡೈಪರಿಗಿಂತ ಹಳೇ ಪಂಚೆಯ ಲಂಗೋಟಿಯೇ ಅನುಕೂಲ, ಒದ್ದೆಯಾದದ್ದು ತಕ್ಷಣ ಗೊತ್ತಾಗುತ್ತದೆ. ತೂಕದ ವಿಷಯದಲ್ಲೂ ಗಾಬರಿಯಾಗದಿರಲು ಇಷ್ಟು ತಿಳಿದಿರಲಿ: ಹುಟ್ಟಿದ ಮೊದಲ ದಿನಗಳಲ್ಲಿ ಮಗು ತನ್ನ ತೂಕದ ಶೇ. 7ರಿಂದ 10ರವರೆಗೆ ಇಳಿಯುತ್ತದೆ, ಎರಡು ವಾರದೊಳಗೆ ಮರಳಿ ಪಡೆಯುತ್ತದೆ. ಐದಾರು ತಿಂಗಳಿಗೆ ಹುಟ್ಟಿದಾಗಿನ ತೂಕದ ಎರಡರಷ್ಟು, ವರ್ಷಕ್ಕೆ ಸುಮಾರು ಮೂರರಷ್ಟಾಗುತ್ತದೆ. ತೂಕ, ಲಸಿಕೆ ಬರೆದಿಡುವ ತಾಯಿ ಕಾರ್ಡಿನಲ್ಲಿರುವ ಬೆಳವಣಿಗೆಯ ನಕ್ಷೆಯಲ್ಲಿ ಗೆರೆ ಮೇಲಕ್ಕೆ ಹೋಗುತ್ತಿದ್ದರೆ ಸಾಕು. ಪಕ್ಕದ ಮನೆಯ ದುಂಡು ಮಗುವಿನ ಜೊತೆ ಹೋಲಿಸಬೇಡಿ.

ಮಲದ ಬಗ್ಗೆ ಇಷ್ಟೆಲ್ಲ ಮಾತಾಡುತ್ತೇವೆಂದು ಮದುವೆಯಾದಾಗ ಯಾರೂ ಎಣಿಸಿರುವುದಿಲ್ಲ. ಮೊದಲೆರಡು ದಿನ ಡಾಂಬರಿನಂಥ ಕಪ್ಪು, ಆಮೇಲೆ ಹಸಿರು ಮಿಶ್ರ, ನಂತರ ಸಾಸಿವೆ ಹಳದಿ. ಎದೆಹಾಲು ಮಾತ್ರ ಕುಡಿಯುವ ಮಗು ಒಂದು ತಿಂಗಳ ತನಕ ಪ್ರತಿ ಸಲ ಕುಡಿದ ಮೇಲೂ ಹೋಗಬಹುದು, ಆಮೇಲೆ ನಾಲ್ಕೈದು ದಿನಕ್ಕೊಮ್ಮೆಯೂ ಹೋಗಬಹುದು. ಮೆತ್ತಗಿದ್ದರೆ ಎರಡೂ ಸರಿಯೇ. ಮಲ ಸುಣ್ಣದಂತೆ ಬೆಳ್ಳಗಿದ್ದರೆ ಅಥವಾ ರಕ್ತ ಕಂಡರೆ ಮಾತ್ರ ಅದೇ ದಿನ ಡಾಕ್ಟರಿಗೆ ತೋರಿಸಿ.

ಆರು ತಿಂಗಳು ತುಂಬುವ ತನಕ ಎದೆಹಾಲು ಬಿಟ್ಟು ಬೇರೇನೂ ಬೇಡ, ಬೇಸಿಗೆಯಲ್ಲಿ ನೀರೂ ಬೇಡ. ಬಳ್ಳಾರಿ, ರಾಯಚೂರಿನ ಬಿಸಿಲಲ್ಲೂ ಇದೇ ನಿಯಮ, ಬಾಯಾರಿಕೆಗೆ ಬೇಕಾದ ನೀರು ಹಾಲಿನಲ್ಲೇ ಇದೆ. ಡಾಕ್ಟರು ಬರೆದುಕೊಟ್ಟ ವಿಟಮಿನ್ ಡಿ ಹನಿ ಇದಕ್ಕೆ ಹೊರತು. ದಿನಕ್ಕೆ 400 ಯೂನಿಟ್‌ನಂತೆ ವರ್ಷವಿಡೀ ಕೊಡಬೇಕೆಂದು ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ ಹೇಳುತ್ತದೆ. ಗ್ರೈಪ್ ವಾಟರು, ತೇದ ಬಜೆ, ಜಾಯಿಕಾಯಿ ‘ಬೇರೇನೂ’ ಎಂಬುದರೊಳಗೇ ಬರುತ್ತವೆ. ಜೇನನ್ನು ವರ್ಷ ತುಂಬುವ ತನಕ ನೆಕ್ಕಿಸಲೇಬಾರದು. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಾಣು ಎಳೆಗರುಳಿನಲ್ಲಿ ಮೊಳೆತು ಸ್ನಾಯುಗಳ ಶಕ್ತಿ ಕುಂದಿಸುವ ಬಾಟುಲಿಸಂ ಎಂಬ ಕಾಯಿಲೆಯನ್ನು ತರಬಲ್ಲದು. ದೊಡ್ಡವರ ಹೊಟ್ಟೆಗೆ ಅದೇ ಜೇನು ಏನೂ ಮಾಡುವುದಿಲ್ಲ.

ಹಾಗೆಂದು ಡಬ್ಬಿ ಹಾಲು ಪಾಪವಲ್ಲ. ಕೆಲವು ತಾಯಂದಿರಿಗೆ ನಿಜವಾಗಿಯೂ ಅದು ಬೇಕಾಗುತ್ತದೆ, ಡಾಕ್ಟರೇ ಹೇಳುತ್ತಾರೆ. ಅಂಥವರನ್ನು ಯಾರೂ ಕುಟುಕಬಾರದು. ನಮ್ಮಲ್ಲಿ ಶಿಶು ಹಾಲಿನ ಡಬ್ಬಿಯ ಜಾಹೀರಾತು ಟೀವಿಯಲ್ಲಿ ಬರುವುದಿಲ್ಲವಲ್ಲ, ಗಮನಿಸಿದ್ದೀರಾ? 1992ರ ಕಾಯ್ದೆಯೊಂದು ಅದನ್ನು ನಿಷೇಧಿಸಿದೆ. ತಾಯಿಯ ಅನುಮಾನವನ್ನು ಮಾರುಕಟ್ಟೆ ಮಾಡಿಕೊಳ್ಳಬಾರದೆಂಬುದು ಅದರ ಉದ್ದೇಶ. ನಮ್ಮ ಒಳ್ಳೆಯ ಕಾಯ್ದೆಗಳಲ್ಲಿ ಒಂದು.

ಇನ್ನು ನಿದ್ದೆ ಮತ್ತು ಅಳು. ಹಸುಗೂಸು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ. ಕೇಳಲು ಚೆನ್ನಾಗಿದೆ, ಆದರೆ ಆ ನಿದ್ದೆ ಎರಡು ಮೂರು ಗಂಟೆಯ ತುಂಡುಗಳಲ್ಲಿ ಬರುತ್ತದೆ. ಹಗಲು ರಾತ್ರಿಯ ವ್ಯತ್ಯಾಸ ಮಗುವಿನ ಮೈಗೆ ತಿಳಿಯುವುದೇ ಎರಡು ಮೂರು ತಿಂಗಳಾದ ಮೇಲೆ. ಅಲ್ಲಿಯವರೆಗೆ ಅದನ್ನು ಮಲಗಿಸುವ ಪಾಠ ಮಾಡಲು ಹೋಗಬೇಡಿ. ಹಗಲಲ್ಲಿ ಬೆಳಕು, ಮಾತು, ಮಿಕ್ಸಿಯ ಸದ್ದು ಎಲ್ಲ ಇರಲಿ. ರಾತ್ರಿ ಮಂದ ಬೆಳಕಿನಲ್ಲಿ ಹಾಲು ಕೊಟ್ಟು, ಬಟ್ಟೆ ಬದಲಿಸಿ, ಮಾತಾಡಿಸದೆ ಮಲಗಿಸಿ. ಅದೇ ನಿಧಾನಕ್ಕೆ ಕಲಿಯುತ್ತದೆ.

ಮಲಗಿಸುವುದು ಯಾವಾಗಲೂ ಅಂಗಾತ. ಅಮೆರಿಕದಲ್ಲಿ 1994ರಲ್ಲಿ ಮಕ್ಕಳನ್ನು ಅಂಗಾತ ಮಲಗಿಸಿ ಎಂಬ ಪ್ರಚಾರ ಶುರುವಾದ ಮೇಲೆ, ನಿದ್ದೆಯಲ್ಲೇ ಕಾರಣವಿಲ್ಲದೆ ಸಾಯುವ ಶಿಶುಗಳ ಪ್ರಮಾಣ ಸುಮಾರು ಅರ್ಧಕ್ಕಿಳಿಯಿತು. ಹಾಸಿಗೆ ಗಟ್ಟಿಯಾಗಿರಲಿ. ಮೂಗಿನ ಬಳಿ ಮೆತ್ತನೆಯ ದಿಂಬು, ಗೊಂಬೆ, ದಪ್ಪ ಕಂಬಳಿ ಬೇಡ. ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬೂ ಬೇಡ. ಎಚ್ಚರವಿದ್ದಾಗ, ನೀವು ಪಕ್ಕದಲ್ಲಿದ್ದಾಗ ದಿನಕ್ಕೆ ಕೆಲವು ಸಲ ಬೋರಲು ಮಲಗಿಸಿದರೆ ತಲೆಯೂ ದುಂಡಗಾಗುತ್ತದೆ, ಕುತ್ತಿಗೆಯೂ ಗಟ್ಟಿಯಾಗುತ್ತದೆ.

ಸಂಜೆ ಆರರಿಂದ ಒಂಬತ್ತರ ತನಕ ಕಾರಣವಿಲ್ಲದೆ ಕಿರುಚುವ ಮಗು ಹೊಸಬರನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸುತ್ತದೆ. ಹಾಲು ಕೊಟ್ಟಾಯಿತು, ತೇಗಿಸಿಯಾಯಿತು, ಬಟ್ಟೆ ಒಣಗಿದೆ, ಜ್ವರವಿಲ್ಲ, ಆದರೂ ಅಳು. ಅಮೆರಿಕದ ಮಕ್ಕಳ ತಜ್ಞ ಬ್ರೇಜಲ್ಟನ್ 1962ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ದೊಡ್ಡ ಸಮಾಧಾನ. ಆರೋಗ್ಯವಂತ ಶಿಶುಗಳ ತಾಯಂದಿರಿಂದ ಅಳುವಿನ ದಿನಚರಿ ಬರೆಸಿ ನೋಡಿದಾಗ, ಅಳು ಆರನೇ ವಾರದ ಹೊತ್ತಿಗೆ ದಿನಕ್ಕೆ ಸುಮಾರು ಎರಡೂಮುಕ್ಕಾಲು ಗಂಟೆಯಷ್ಟಾಗಿ, ಆಮೇಲೆ ತಾನೇ ಇಳಿದಿತ್ತು. ಮೂರು ನಾಲ್ಕು ತಿಂಗಳಿಗೆ ಹೆಚ್ಚಿನ ಮಕ್ಕಳಲ್ಲಿ ಈ ಸಂಜೆಯ ಅಳು ನಿಲ್ಲುತ್ತದೆ. ಯಾರ ದೃಷ್ಟಿಯೂ ತಗುಲಿಲ್ಲ, ತಾಯಿ ತಿಂದ ಆಲೂಗಡ್ಡೆಯ ತಪ್ಪೂ ಅಲ್ಲ. ಅಜ್ಜಿಗೆ ಉಪ್ಪು, ಮೆಣಸಿನಕಾಯಿ ಇಳಿ ತೆಗೆಯಬೇಕೆನಿಸಿದರೆ ತೆಗೆಯಲಿ, ಅವರ ಮನಸ್ಸಿಗೆ ನೆಮ್ಮದಿ. ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಾಡಿ, ತೂಗಿ, ಗುನುಗಿ. ನಿಮ್ಮ ಸಹನೆ ತೀರುತ್ತಿದೆ ಅನಿಸಿದಾಗ ಮಗುವನ್ನು ಸುರಕ್ಷಿತವಾಗಿ ಮಲಗಿಸಿ ಐದು ನಿಮಿಷ ಹೊರಗೆ ಹೋಗಿ ಬನ್ನಿ. ಸಿಟ್ಟಿನಲ್ಲಿ ಎಳೆಮಗುವನ್ನು ಅಲ್ಲಾಡಿಸಿದರೆ ಮಿದುಳಿನಲ್ಲಿ ರಕ್ತಸ್ರಾವವಾಗುತ್ತದೆ, ಅದನ್ನು ಸರಿಪಡಿಸಲಾಗುವುದಿಲ್ಲ.

ಈಗ ಅಜ್ಜಿಯಂದಿರ ವಿಷಯಕ್ಕೆ ಬರೋಣ. ನಮ್ಮ ಬಾಣಂತನದ ಪದ್ಧತಿಯನ್ನು ಪೂರ್ತಿ ಮೂಢನಂಬಿಕೆ ಎನ್ನುವವರ ಜೊತೆಗೂ ನಾನಿಲ್ಲ, ಪೂರ್ತಿ ವಿಜ್ಞಾನ ಎನ್ನುವವರ ಜೊತೆಗೂ ಇಲ್ಲ. ಹೆತ್ತವಳನ್ನು ತಿಂಗಳುಗಟ್ಟಲೆ ಮನೆಗೆಲಸದಿಂದ ಬಿಡಿಸಿ, ಬಿಸಿನೀರು ಹಾಕಿ, ಹೊತ್ತಿಗೆ ಸರಿಯಾಗಿ ಬಿಸಿ ಊಟ ಕೊಡುವುದಕ್ಕಿಂತ ಒಳ್ಳೆಯ ಏರ್ಪಾಡು ಬೇರೆಲ್ಲಿದೆ? ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹರಳೆಣ್ಣೆ, ಮೆಣಸಿನಪುಡಿ ಕಟ್ಟಿಕೊಂಡು ವಿಮಾನ ಹತ್ತುವ ನಮ್ಮ ಅಮ್ಮಂದಿರಿಗೆ ಇದರ ಬೆಲೆ ಗೊತ್ತು. ಕಾಲು ನೀಡಿ ಕುಳಿತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ನೀರು ಹಾಕುವ ಹಿರಿಯಳ ಕೈಯ ಧೈರ್ಯವನ್ನು ಯಾವ ವಿಡಿಯೋ ಕಲಿಸೀತು? ಅದನ್ನು ಕಲಿತುಕೊಳ್ಳಿ. ಕೌದಿ, ಕುಂಚಿಗೆ, ಕುಲಾವಿ ಇವೆಲ್ಲ ಇರಲಿ.

ಆದರೆ ಆ ಸ್ನಾನದಲ್ಲೇ ನಿಲ್ಲಿಸಬೇಕಾದವು ಕೆಲವಿವೆ. ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದು ಬೇಡ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶ ಸೇರಿ ನ್ಯುಮೋನಿಯಾ ತರಬಹುದು. ಗಂಡಾಗಲಿ ಹೆಣ್ಣಾಗಲಿ, ಕೂಸಿನ ಎದೆ ಸ್ವಲ್ಪ ಊದಿರುವುದು ತಾಯಿಯ ಹಾರ್ಮೋನಿನಿಂದ. ಅದನ್ನು ಹಿಸುಕಿ ಹಾಲು ತೆಗೆಯಲು ಹೋದರೆ ಕೀವಾಗುತ್ತದೆ. ಹೊಕ್ಕುಳ ಬಳ್ಳಿ ಒಂದೆರಡು ವಾರದಲ್ಲಿ ತಾನೇ ಒಣಗಿ ಬೀಳುತ್ತದೆ, ಅದಕ್ಕೆ ಬೂದಿ, ಅರಿಸಿನ, ಎಣ್ಣೆ ಏನನ್ನೂ ಹಚ್ಚಬಾರದು. ಸಾಂಬ್ರಾಣಿಯ ಹೊಗೆ ಕೋಣೆ ತುಂಬ ಕವಿಯುವುದು ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಅಂಗಡಿಯ ಕಾಡಿಗೆಯಲ್ಲಿ ಸೀಸ ಇರಬಹುದು, ಆದ್ದರಿಂದ ಕಣ್ಣಿಗೆ ಬೇಡ. ದೃಷ್ಟಿಬೊಟ್ಟು ಇಡಲೇಬೇಕೆಂದರೆ ಅಂಗಾಲಿಗಿಟ್ಟರಾಯಿತು. ಹಿರಿಯರ ಜೊತೆ ಇದನ್ನೆಲ್ಲ ವಾದ ಮಾಡಿ ಗೆಲ್ಲಲಾಗದು. ‘ಡಾಕ್ಟರು ಬೈದರಮ್ಮ’ ಎಂದರೆ ಕೆಲಸವಾಗುತ್ತದೆ. ಹೆಚ್ಚಿನ ಡಾಕ್ಟರುಗಳು ಈ ಆಪಾದನೆಯನ್ನು ಸಂತೋಷದಿಂದ ಹೊರುತ್ತಾರೆ.

ಬಾಣಂತಿಯ ಪಥ್ಯದ ಬಗ್ಗೆ ಮಾತ್ರ ವಾದ ಮಾಡಿಯಾದರೂ ಗೆಲ್ಲಬೇಕು. ನೀರು ಕುಡಿದರೆ ಹೊಟ್ಟೆ ಬರುತ್ತದೆ, ತರಕಾರಿ ತಿಂದರೆ ಮಗುವಿಗೆ ಶೀತ, ಬೇಳೆ ತಿಂದರೆ ವಾಯು ಎಂದು ತಿಂಗಳುಗಟ್ಟಲೆ ಬರೀ ಬಿಳಿ ಅನ್ನ, ಮೆಣಸಿನ ಸಾರು ಕೊಡುವ ಮನೆಗಳಿವೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಥಯಾಮಿನ್, ಅಂದರೆ ವಿಟಮಿನ್ ಬಿ1, ಬಹಳ ಕಡಿಮೆ. ಬಸಿದ ಅನ್ನದಲ್ಲಿ ಇನ್ನೂ ಕಡಿಮೆ. ತಾಯಿಗೆ ಅದು ಸಾಲದಿದ್ದರೆ ಹಾಲಿನಲ್ಲೂ ಸಾಲದು. ಎರಡು ಮೂರು ತಿಂಗಳ, ಚೆನ್ನಾಗಿಯೇ ಬೆಳೆಯುತ್ತಿದ್ದ ಮಗು ಇದ್ದಕ್ಕಿದ್ದಂತೆ ಏದುಸಿರು ಬಿಡುತ್ತ, ಹಾಲು ಬಿಟ್ಟು, ಹೃದಯದ ತೊಂದರೆಯೊಂದಿಗೆ ಆಸ್ಪತ್ರೆಗೆ ಬರುವುದನ್ನು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು ಅಧ್ಯಯನ ಮಾಡಿ 2021ರಲ್ಲಿ ಪ್ರಕಟಿಸಿದರು. ಥಯಾಮಿನ್ ಚುಚ್ಚುಮದ್ದು ಕೊಟ್ಟೊಡನೆ ಅಂಥ ಮಕ್ಕಳು ಚೇತರಿಸಿಕೊಂಡವು. ಬಾಣಂತಿ ಬೇಳೆ, ಕಾಳು, ಸೊಪ್ಪು, ರಾಗಿ, ಹಾಲು, ರೂಢಿಯಿದ್ದರೆ ಮೊಟ್ಟೆ ಮೀನು, ಎಲ್ಲವನ್ನೂ ತಿನ್ನಬೇಕು, ಬಾಯಾರಿದಷ್ಟೂ ನೀರು ಕುಡಿಯಬೇಕು. ಉತ್ತರ ಕರ್ನಾಟಕದ ಅಂಟಿನುಂಡೆಗೆ ನನ್ನ ಅಡ್ಡಿಯಿಲ್ಲ, ಅದರ ಜೊತೆಗೆ ಊಟವೂ ಇರಲಿ.

ಊಟದಷ್ಟೇ ಮುಖ್ಯವಾದದ್ದು ಅವಳ ಮನಸ್ಸು. ಹೆರಿಗೆಯಾದ ಮೂರು ನಾಲ್ಕನೇ ದಿನ ಸುಮ್ಮಸುಮ್ಮನೆ ಅಳು ಬರುವುದು ಬಹಳ ಮಂದಿಗೆ ಆಗುತ್ತದೆ, ಎರಡು ವಾರದೊಳಗೆ ಹೋಗುತ್ತದೆ. ಹೋಗದೆ ಉಳಿದರೆ, ಮಗುವಿನ ಮೇಲೆ ಮನಸ್ಸೇ ಬರದಿದ್ದರೆ, ಮಗು ಮಲಗಿದರೂ ನಿದ್ದೆ ಬಾರದಿದ್ದರೆ, ಸಾಯುವ ಮಾತು ಬಂದರೆ ಅದು ಕಾಯಿಲೆ. ಸೋಮಾರಿತನವೂ ಅಲ್ಲ, ಗ್ರಹಚಾರವೂ ಅಲ್ಲ. ಚಿಕಿತ್ಸೆಯಿಂದ ಗುಣವಾಗುತ್ತದೆ. ಬಾಣಂತಿ ಸನ್ನಿ ಎಂದು ದೇವರ ಕಟ್ಟೆಗೆ ಕರೆದೊಯ್ಯುವ ಮೊದಲು 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಬೇರೆ ಮಾಡದೆ ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗವಿದೆ.

ಅಪ್ಪಂದಿರೇ, ನಿಮ್ಮ ಸರದಿ. ನಮ್ಮಲ್ಲಿ ಮೊದಲ ಹೆರಿಗೆ ತವರಿನಲ್ಲಿ. ಮೂರನೇ ತಿಂಗಳಿಗೋ ಐದನೇ ತಿಂಗಳಿಗೋ ಮಗು ಬಾಣಂತಿಯನ್ನು ಕಳಿಸಿಕೊಡುವ ತನಕ ಅಪ್ಪನಾದವನು ಭಾನುವಾರದ ಅತಿಥಿ. ಬರುತ್ತಾನೆ, ಹೋಳಿಗೆ ತಿನ್ನುತ್ತಾನೆ, ಮಗುವಿನ ಫೋಟೋ ತೆಗೆಯುತ್ತಾನೆ, ಹೋಗುತ್ತಾನೆ. ಕಲಿಯುವ ಕಾಲವೆಲ್ಲ ಹೀಗೆ ಕಳೆದು, ಮಗು ಮನೆಗೆ ಬಂದಾಗ ಅವನಿಗೆ ಎತ್ತಿಕೊಳ್ಳಲೂ ಭಯ. ‘ನಿಮಗೆ ಬರಲ್ಲ, ಬಿಡಿ’ ಎಂಬ ಮಾತು ಅಲ್ಲಿಂದ ಹುಟ್ಟಿ ವರ್ಷಗಟ್ಟಲೆ ಉಳಿಯುತ್ತದೆ. ಹಾಲು ಕೊಡುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಗಂಡಸಿನಿಂದ ಆಗುವ ಕೆಲಸವೇ. ರಾತ್ರಿ ಮಗು ಎದ್ದಾಗ ಎತ್ತಿ ತಾಯಿಯ ಕೈಗೆ ಕೊಡುವುದು, ಕುಡಿದ ಮೇಲೆ ಹೆಗಲಿಗೆ ಹಾಕಿ ತೇಗಿಸುವುದು, ಲಂಗೋಟಿ ಬದಲಿಸುವುದು, ಮತ್ತೆ ಮಲಗಿಸುವುದು, ಇಷ್ಟನ್ನು ಅವನು ಮಾಡಿದರೆ ಅವಳಿಗೆ ಪ್ರತಿ ಸಲ ಅರ್ಧ ಗಂಟೆಯ ನಿದ್ದೆ ಉಳಿಯುತ್ತದೆ. ಮಾವನ ಮನೆಯಲ್ಲಿ ಸಂಕೋಚವಾದರೂ ಹೋದಾಗಲೆಲ್ಲ ಒಂದು ಸ್ನಾನ ನೀವೇ ಮಾಡಿಸಿ. ನಾದಿನಿಯರು ನಗುತ್ತಾರೆ, ನಗಲಿ. ಸರ್ಕಾರಿ ನೌಕರನಿಗೆ ಪಿತೃತ್ವ ರಜೆ 15 ದಿನ, ಖಾಸಗಿ ಕೆಲಸದವನಿಗೆ ಕಾನೂನಿನಂತೆ ಒಂದು ದಿನವೂ ಇಲ್ಲ. ಈ ವಿಷಯದಲ್ಲಿ ಸರ್ಕಾರದ ಆಲೋಚನೆಯೂ ಭಾನುವಾರದ ಅತಿಥಿಯದ್ದೇ.

ಲಸಿಕೆಯ ಲೆಕ್ಕ ಸುಲಭ. ಹುಟ್ಟಿದಾಗ ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್ ಬಿ. ಆಮೇಲೆ 6, 10, 14ನೇ ವಾರಗಳಲ್ಲಿ ಪೆಂಟಾವೇಲೆಂಟ್, ಪೋಲಿಯೋ, ರೋಟಾವೈರಸ್ ಇತ್ಯಾದಿ. ಒಂಬತ್ತು ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ ಮೊದಲ ಡೋಸು, ಜೊತೆಗೆ ವಿಟಮಿನ್ ಎ ದ್ರಾವಣ. ಅಂಗನವಾಡಿಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಲ್ಲವೂ ಉಚಿತ. ಬಿಸಿಜಿ ಚುಚ್ಚಿದ ಎಡತೋಳಿನಲ್ಲಿ ತಿಂಗಳ ನಂತರ ಸಣ್ಣ ಗುಳ್ಳೆಯೆದ್ದು ಒಡೆದು ಕಲೆ ಉಳಿಯುವುದು ಸಹಜ, ಅದಕ್ಕೇನೂ ಹಚ್ಚಬೇಡಿ. ಪೆಂಟಾವೇಲೆಂಟ್ ಆದ ರಾತ್ರಿ ಜ್ವರ ಬರಬಹುದು. ಎಷ್ಟು ಪ್ಯಾರಾಸಿಟಮಾಲ್ ಎಂಬುದನ್ನು ಮಗುವಿನ ತೂಕ ನೋಡಿ ಹೇಳಬೇಕು, ಅಲ್ಲೇ ಕೇಳಿಕೊಂಡು ಬನ್ನಿ. ಆಶಾ ಕಾರ್ಯಕರ್ತೆ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು 3ನೇ ದಿನದಿಂದ 42ನೇ ದಿನದೊಳಗೆ ಆರು ಸಲ ಮನೆಗೇ ಬಂದು ನೋಡಬೇಕೆಂಬ ನಿಯಮವಿದೆ. ಬಂದವಳನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಬೇಡಿ, ಮಗುವಿನ ತೂಕ ನೋಡಿಸಿ.

ಆರು ತಿಂಗಳಾಯಿತು. ಹುಟ್ಟುವಾಗ ತಾಯಿಯಿಂದ ಪಡೆದು ತಂದ ಕಬ್ಬಿಣದ ದಾಸ್ತಾನು ಈಗ ಖಾಲಿಯಾಗುತ್ತಿರುತ್ತದೆ, ಹಾಲೊಂದೇ ಸಾಲದು. ನಮ್ಮ ಪುಣ್ಯಕ್ಕೆ ಈ ಹೊತ್ತಿಗೆ ಬೇಕಾದ ಆಹಾರ ನಮ್ಮ ಹೊಲದಲ್ಲೇ ಇದೆ. ಮೈಸೂರು ಕಡೆ ರಾಗಿ ಸರಿ, ಮಲೆನಾಡು ಕರಾವಳಿಯಲ್ಲಿ ರಾಗಿ ಮಣ್ಣಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿ ಗೋಧಿ ಇದರ ಹತ್ತಿರವೂ ಬರುವುದಿಲ್ಲ. ಸರಿ ಹಿಟ್ಟು ಮಾಡುವ ಕ್ರಮ ಹೀಗೆ: ರಾಗಿಯನ್ನು ಕಲ್ಲು ಆರಿಸಿ, ತೊಳೆದು, ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಡಬೇಕು. ಒಂದೆರಡು ದಿನದಲ್ಲಿ ಮೊಳಕೆಯೊಡೆದ ಮೇಲೆ ಚೆನ್ನಾಗಿ ಒಣಗಿಸಿ, ಕೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಘಮ ಬರುವಂತೆ ಹದವಾಗಿ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಬೇಕು.

ಮೊಳಕೆ ಕಟ್ಟುವುದು ಬರೀ ಶಾಸ್ತ್ರವಲ್ಲ. ಮೊಳೆಯುವಾಗ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟಿ ಪಿಷ್ಟವನ್ನು ಒಡೆಯುತ್ತದೆ. ಹಾಗಾಗಿ ಹಿಟ್ಟನ್ನು ಸ್ವಲ್ಪ ಹೆಚ್ಚು ಹಾಕಿದರೂ ಸರಿ ಗೋಂದಿನಂತಾಗದೆ ನುಂಗಲು ಹಗುರವಾಗಿರುತ್ತದೆ. ಪುಟ್ಟ ಹೊಟ್ಟೆಗೆ ಕಡಿಮೆ ಪ್ರಮಾಣದಲ್ಲಿ ಹೆಚ್ಚು ಶಕ್ತಿ ಸೇರುತ್ತದೆ. ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಕೂಡ ಕಡಿಮೆಯಾಗುತ್ತದೆ. ತುಂಬ ಮನೆಗಳಲ್ಲಿ ಮಗುವಿಗೆ ಜೀರ್ಣವಾಗದೆಂದು ಸರಿಯನ್ನು ನೀರು ನೀರಾಗಿ ಮಾಡುತ್ತಾರೆ. ಬೇಡ. ಚಮಚ ಓರೆ ಮಾಡಿದರೆ ನಿಧಾನವಾಗಿ ಜಾರಬೇಕು, ಸುರಿಯಬಾರದು.

ಮೊದಲು ದಿನಕ್ಕೆ ಎರಡು ಮೂರು ಚಮಚ. ಉಗಿದರೆ ಮರುದಿನ ಮತ್ತೆ ಕೊಡಿ. ಹೊಸ ರುಚಿಯನ್ನು ಮಗು ಒಪ್ಪಲು ಎಂಟು ಹತ್ತು ಸಲ ಬೇಕಾಗುವುದುಂಟು. ಒಂದೊಂದೇ ಹೊಸ ಪದಾರ್ಥವನ್ನು ಎರಡು ಮೂರು ದಿನದ ಅಂತರದಲ್ಲಿ ಸೇರಿಸಿ. ಹದಿನೈದು ಬಗೆಯ ಕಾಳು, ಗೋಡಂಬಿ, ಬಾದಾಮಿ ಬೆರೆತ ರೆಡಿ ಹಿಟ್ಟಿನಿಂದ ಆರಂಭಿಸಿದರೆ ಯಾವುದು ಒಗ್ಗಲಿಲ್ಲ ಎಂದು ಹೇಗೆ ಗೊತ್ತಾಗಬೇಕು? ನಂತರ ಬೇಳೆ ಅನ್ನ ಮಿದ್ದು ತುಪ್ಪ ಹಾಕಿದ್ದು, ಬೆಂದ ಕ್ಯಾರೆಟ್ಟು, ಕುಂಬಳ, ಸೊಪ್ಪು, ಬಾಳೆಹಣ್ಣು, ಮೊಸರು. ತಿನ್ನುವವರ ಮನೆಯಲ್ಲಿ ಮೊಟ್ಟೆ, ಮುಳ್ಳು ತೆಗೆದ ಮೀನು ಕೂಡ ಇದೇ ವಯಸ್ಸಿನಿಂದ ಕೊಡಬಹುದು. ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಸಲ, ಆಮೇಲೆ ಮೂರು ನಾಲ್ಕು ಸಲ, ಎದೆಹಾಲಂತೂ ಇದ್ದೇ ಇರುತ್ತದೆ. ಉಪ್ಪು, ಸಕ್ಕರೆ, ಬೆಲ್ಲ ವರ್ಷದ ತನಕ ಬೇಡ. ‘ಉಪ್ಪಿಲ್ಲದೆ ಹೇಗೆ ತಿನ್ನುತ್ತೆ ಪಾಪ’ ಎನ್ನುವವರಿಗೆ ಹೇಳಿ, ಉಪ್ಪಿನ ರುಚಿ ನೋಡದ ಬಾಯಿಗೆ ಅದರ ಕೊರತೆಯೂ ತಿಳಿಯದು. ಬಿಸ್ಕತ್ತು ಹಾಲಿನಲ್ಲಿ ಅದ್ದಿ ಕೊಡುವುದು ಹೊಟ್ಟೆ ತುಂಬಿಸುತ್ತದೆ, ಮೈಗೆ ಏನೂ ಸೇರಿಸುವುದಿಲ್ಲ. ಕಡಲೆಬೀಜ, ಇಡೀ ದ್ರಾಕ್ಷಿ ಕೈಗೆ ಸಿಗದಂತಿರಲಿ, ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತವೆ. ಆರು ತಿಂಗಳಿನಿಂದ ವಾರಕ್ಕೆರಡು ಸಲ ಕಬ್ಬಿಣದ ಸಿರಪ್ಪನ್ನು ಅಂಗನವಾಡಿ, ಆಶಾ ಮೂಲಕ ಉಚಿತವಾಗಿ ಕೊಡುತ್ತಾರೆ, ಕೇಳಿ ಪಡೆಯಿರಿ.

ಅನ್ನದ ಜೊತೆಗೇ ಓಡಾಟ ಶುರು. ನಾಲ್ಕರಿಂದ ಆರು ತಿಂಗಳ ನಡುವೆ ಮಗುಚಿಕೊಳ್ಳುವ ಮಗು ಅದುವರೆಗೆ ಸುರಕ್ಷಿತವಾಗಿದ್ದ ಮಂಚದಿಂದ ಒಂದು ದಿನ ಬೀಳುತ್ತದೆ, ಆದ್ದರಿಂದ ನೆಲದ ಮೇಲೆ ಚಾಪೆ, ಕೌದಿ ಹಾಸುವುದೇ ಸರಿ. ಪಕ್ಕದ ಮಗು ನಡೆಯುತ್ತಿದೆ, ನಮ್ಮದು ಇನ್ನೂ ಇಲ್ಲ ಎಂಬ ಸಂಕಟ ಇದೇ ಸಮಯದ್ದು. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ನೋಡಿ 2006ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಹಿಡಿಯದೆ ನಡೆಯುವ ಸಹಜ ವಯಸ್ಸು ಎಂಟು ತಿಂಗಳಿನಿಂದ ಹದಿನೇಳೂವರೆ ತಿಂಗಳವರೆಗೆ ಹರಡಿದೆ. ಕೆಲವು ಮಕ್ಕಳು ಅಂಬೆಗಾಲಿಡುವುದೇ ಇಲ್ಲ, ನೇರ ಎದ್ದು ನಿಲ್ಲುತ್ತವೆ. ಬೇಗ ನಡೆಯಲೆಂದು ವಾಕರ್ ತರಬೇಡಿ. ಅದು ನಡಿಗೆಯನ್ನು ಕಲಿಸುವುದಿಲ್ಲ, ಮೆಟ್ಟಿಲ ಕಡೆಗೆ ಬೇಗ ಕರೆದೊಯ್ಯುತ್ತದೆ. ಕೆನಡಾ 2004ರಲ್ಲೇ ಅದರ ಮಾರಾಟವನ್ನು ನಿಷೇಧಿಸಿತು. ಹೊಸಿಲು ದಾಟಿದ ದಿನ ಹೊಸಿಲಿಗೆ ಪೂಜೆ ಮಾಡಿ ಸಿಹಿ ಹಂಚುವ ಮನೆಗಳಿವೆ, ಚಂದದ ಪದ್ಧತಿ. ಅದೇ ದಿನ ಸ್ನಾನದ ಮನೆಯ ಬಕೆಟ್ಟಿನ ನೀರನ್ನೂ ಚೆಲ್ಲಿ, ಅಡುಗೆ ಮನೆಯ ಬಾಗಿಲಿಗೆ ಅಡ್ಡಪಟ್ಟಿ ಹಾಕಿ.

ಎಂಟನೇ ತಿಂಗಳ ಹೊತ್ತಿಗೆ ತಾಯಿ ಎದ್ದು ಹೋದರೆ ಅಳುವುದು, ಹೊಸಬರನ್ನು ಕಂಡರೆ ಮುಖ ಹುದುಗಿಸುವುದು ಶುರುವಾಗುತ್ತದೆ. ಎತ್ತಿ ಎತ್ತಿ ಅಭ್ಯಾಸವಾಗಿದೆ ಎಂದು ಬೈಯಬೇಡಿ. ಕಣ್ಣಿಗೆ ಕಾಣದ ಅಮ್ಮ ಎಲ್ಲೋ ಇದ್ದಾಳೆ ಎಂಬ ತಿಳಿವು ಬಂದಿದೆ, ಮರಳಿ ಬರುತ್ತಾಳೆಂಬುದು ಇನ್ನೂ ಖಾತ್ರಿಯಿಲ್ಲ, ಅಷ್ಟೆ. ದುರದೃಷ್ಟಕ್ಕೆ ಬಹಳ ತಾಯಂದಿರ ರಜೆ ಮುಗಿಯುವುದೂ ಇದಕ್ಕೆ ಸ್ವಲ್ಪ ಮೊದಲು. 2017ರ ತಿದ್ದುಪಡಿಯ ಪ್ರಕಾರ ಮೊದಲೆರಡು ಹೆರಿಗೆಗೆ 26 ವಾರಗಳ ಸಂಬಳದ ರಜೆಯಿದೆ. 50 ಮತ್ತು ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು. ಕೂಲಿ ಕೆಲಸದವರಿಗೆ, ಮನೆಗೆಲಸದವರಿಗೆ ಇದ್ಯಾವುದೂ ಇಲ್ಲ. ನರೇಗಾ ಕೂಲಿಕಾರರ ಮಕ್ಕಳಿಗೆಂದು ಪಂಚಾಯಿತಿಗಳಲ್ಲಿ ತೆರೆದ ‘ಕೂಸಿನ ಮನೆ’ ಆ ದಿಕ್ಕಿನಲ್ಲಿ ಒಂದು ಹೆಜ್ಜೆ, ನಿಮ್ಮ ಊರಿನಲ್ಲಿದೆಯೇ ವಿಚಾರಿಸಿ.

ಹಲ್ಲು ಸಾಮಾನ್ಯವಾಗಿ ಆರು ತಿಂಗಳ ಆಸುಪಾಸು ಬರುತ್ತದೆ, ವರ್ಷಕ್ಕೆ ಬಂದರೂ ಸರಿ. ಹಲ್ಲು ಬರುವಾಗ ಭೇದಿ ಸಹಜ ಎಂಬ ನಂಬಿಕೆ ಮಾತ್ರ ಅಪಾಯಕಾರಿ. ಸಿಕ್ಕಿದ್ದನ್ನು ಬಾಯಿಗಿಡುವ ವಯಸ್ಸಾದ್ದರಿಂದ ಭೇದಿ, ಹಲ್ಲಿನಿಂದಲ್ಲ. ಓಆರ್‌ಎಸ್ ಕೊಡಿ, ಹಾಲು ನಿಲ್ಲಿಸಬೇಡಿ, ಜೊತೆಗೆ ಸತುವಿನ ಮಾತ್ರೆಯನ್ನು 14 ದಿನ ಕೊಡುತ್ತಾರೆ. ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು ನೆನಪಿರಲಿ: ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ, ಅಥವಾ ಮೈ ತಣ್ಣಗಾಗುವುದು. ಹಾಲು ಬಿಡುವುದು. ಪಕ್ಕೆ ಒಳಗೆ ಎಳೆದುಕೊಂಡು ಉಸಿರಾಡುವುದು. ಹುಟ್ಟಿದ ದಿನವೇ ಹಳದಿಯಾಗುವುದು, ಅಥವಾ ಅಂಗೈ ಅಂಗಾಲಿಗೆ ಹಳದಿ ಇಳಿಯುವುದು, ಅದಕ್ಕೆ ಎಳೆಬಿಸಿಲು ಚಿಕಿತ್ಸೆಯಲ್ಲ. ಫಿಟ್ಸ್. ಎಬ್ಬಿಸಿದರೂ ಏಳದಂಥ ಮಂಪರು. ಹಸಿರು ವಾಂತಿ. ರಾತ್ರಿ ಎರಡು ಗಂಟೆಯಾಗಿದ್ದರೂ 108ಕ್ಕೆ ಕರೆ ಮಾಡಿ.

ಇನ್ನೊಂದು ಮಾತು. ಮೊದಲ ಹುಟ್ಟುಹಬ್ಬದ ಕೇಕು, ಬಲೂನುಗಳ ಗದ್ದಲದಲ್ಲಿ ತಾಯಿ ಕಾರ್ಡು ಎಲ್ಲೋ ಸೇರಿಹೋಗುತ್ತದೆ, ಲಸಿಕೆ ಮುಗಿಯಿತೆಂದು ಎಲ್ಲರೂ ಮರೆಯುತ್ತಾರೆ. ಮುಗಿದಿಲ್ಲ. ದಡಾರ-ರುಬೆಲ್ಲಾ ಎರಡನೇ ಡೋಸು, ಡಿಪಿಟಿ ಬೂಸ್ಟರ್, ಪೋಲಿಯೋ ಬೂಸ್ಟರ್ 16ರಿಂದ 24 ತಿಂಗಳ ನಡುವೆ ಬಾಕಿ ಇವೆ. ಕಾರ್ಡನ್ನು ಕಣ್ಣಿಗೆ ಬೀಳುವ ಜಾಗದಲ್ಲಿಡಿ.